ಕರಿ ನಾಲ್ಕು, ಬಿಳಿ ಆರು

ಆಳಂದ
೨೦ ಆಗಸ್ಟ್ ೧೯೪೭

ಚಿರಂಜೀವಿ ಶಿವರಾಯನಿಗೆ ಅವ್ವನ ಆಶೀರ್ವಾದ.

ನಿಮ್ಮ ಸೊಲ್ಲಾಪುರದಲ್ಲಿ ಬಾವುಟ ಹಾರಿಸಿ ಪೇಢೆ ಹಂಚಿದರಂತೆ. ತೊಗರಿ ಮಾರಲು ಹೋಗಿ ಬಂದವರು ಹೇಳಿದರು. ಇಲ್ಲಿ ನಿಜಾಮರ ಸೀಮೆಯಲ್ಲಿ ಆ ಮಾತನ್ನು ಗಟ್ಟಿಯಾಗಿ ಆಡುವಂತಿಲ್ಲ. ನಮ್ಮ ಕಂಪನಿಯ ನಾಟಕದಲ್ಲಿ ರಾಜನಿಗೆ ಎದುರುತ್ತರ ಕೊಡುವ ಮಾತು ಬಂದರೂ ಮಾಲಕ ದೌಲತರಾಯರು ಅದನ್ನು ನುಂಗಿಕೊಂಡು ಮುಂದೆ ಹೋಗಿರಿ ಅನ್ನುತ್ತಾರೆ.

ನೀನು ಪಿಯಾನೊ ಕಲಿಯುತ್ತೇನೆಂದು ಕಂಪನಿ ಬಿಟ್ಟು ಹೋದ ಮೇಲೆ ನಿನ್ನ ಅಪ್ಪ ಪೇಟಿಗೆ ಕೂಡುತ್ತಿದ್ದ ಕುರ್ಚಿಯಲ್ಲಿ ಮಟಕಿ ಊರಿನ ಬೀರಲಿಂಗಪ್ಪ ಕೂಡುತ್ತಾನೆ. ಅಲ್ಲಿ ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದವ. ನಮ್ಮ ಕಾಲಪೇಟಿ ತುಳಿಯುವಾಗ ಹೊಲಿಗೆ ಯಂತ್ರ ತುಳಿದ ಹಾಗೆ ಸಪ್ಪಳ ಮಾಡುತ್ತಾನೆ. ನನ್ನ ಹಾಡು ಮುಗಿದು ನಾನು ಒಳಗೆ ಬಂದು ನೀರು ಕುಡಿದರೂ ಅವನ ಹಾಡು ಮುಗಿದಿರುವುದಿಲ್ಲ.

ಮಾಲಕರು ಚೌಡಾಪುರದಿಂದ ಬಾಳಮ್ಮ ಎಂಬ ಹುಡುಗಿಯನ್ನು ಕರೆತಂದಿದ್ದಾರೆ. ಒಳ್ಳೆಯ ಕೊರಳು, ಸುಳ್ಳು ಯಾಕೆ ಹೇಳಲಿ. ನಾನು ರಾಣಿ ಪಾರ್ಟು ಮಾಡುವಾಗ ಅವಳು ಪರದೆಯ ಬದಿಗೆ ನಿಂತು ತುಟಿ ಆಡಿಸುತ್ತಾಳೆ. ಮೊನ್ನೆ ಮಾಲಕರು ನಗುತ್ತ, “ಈ ಕ್ಯಾಂಪಿಗೆ ರಾಣಿ ನೀವೇ ಮಾಡ್ರಿ ಕಸ್ತೂರಿಬಾಯಿ, ಮುಂದಿಂದು ಮುಂದ ನೋಡೋಣಂತ” ಅಂದರು. ಆ ನಗು ನನಗೆ ಗೊತ್ತು. ರಾಣಿ ಪಾರ್ಟು ಹೋದರೆ ನನಗೆ ಉಳಿಯುವುದು ಮುದುಕಿ ಪಾರ್ಟು. ನಮ್ಮ ಕಂಪನಿಯ ಯಾವ ನಾಟಕದಲ್ಲೂ ಮುದುಕಿಗೆ ಹಾಡಿಲ್ಲ.

ನೀನು ಬಂದು ಪೇಟಿಗೆ ಕೂತರೆ ನಾನು ಇನ್ನೂ ಕೆಲವು ವರ್ಷ ಹಾಡುತ್ತೇನೆ. ಬರುತ್ತೀಯೋ ಇಲ್ಲವೋ, ಅಷ್ಟು ಬರೆ.

ನಿನ್ನ ಅವ್ವ
ಕಸ್ತೂರಿಬಾಯಿ


ಸೊಲ್ಲಾಪುರ
೯ ಸೆಪ್ಟೆಂಬರ್ ೧೯೪೭

ಅವ್ವನ ಪಾದಕ್ಕೆ ಶಿವರಾಯನ ನಮಸ್ಕಾರ.

ಬರುತ್ತೇನೆ. ಆದರೆ ಮೊದಲು ನಾನು ಇಲ್ಲಿ ಏನು ಕಲಿಯುತ್ತಿದ್ದೇನೆ ಎಂದು ಹೇಳಲೇಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲಿ ಇರುವುದಿಲ್ಲ.

ನಮ್ಮ ಗೋವೆಯ ಮಾಸ್ತರರು ಎಡಗೈಗೆ ಒಂದು ಪಾಠ ಹಾಕಿದ್ದಾರೆ. ನಾವು ಕಾಲಪೇಟಿಯ ಮೇಲೆ ಎಡಗೈಯಿಂದ ಏನು ಮಾಡುತ್ತೇವೆ? ಷಡ್ಜ ಹಿಡಿದು ಕೂಡುತ್ತೇವೆ, ಬಹಳವಾದರೆ ಸಾ, ಗ, ಪ ಮೂರನ್ನೂ ಒಟ್ಟಿಗೆ ಒತ್ತುತ್ತೇವೆ. ಇವರು ಒತ್ತುವುದಿಲ್ಲ, ಬಿಡಿಸಿ ಹಾಕುತ್ತಾರೆ. ಮೊದಲು ಕೆಳಗಿನದು, ಆಮೇಲೆ ಮೇಲಿನದು, ಆಮೇಲೆ ನಡುವಿನದು, ಮತ್ತೆ ಮೇಲಿನದು. ಸಾ ಪ ಗ ಪ, ಸಾ ಪ ಗ ಪ. ಎಡಗೈ ಹೀಗೆ ಒಂದೇ ಸಮನೆ ಹರಿಯುತ್ತಿರುತ್ತದೆ, ಬಲಗೈ ಅದರ ಮೇಲೆ ಬೇಕಾದ ಹಾಡು ನುಡಿಸುತ್ತದೆ. ಇನ್ನೂರು ವರ್ಷದ ಹಿಂದೆಯೇ ಅವರ ಕಡೆ ಇದು ಬಂದಿತಂತೆ. ಪಿಯಾನೊದ ಸ್ವರ ಬಾರಿಸಿದ ಕೂಡಲೇ ಸಾಯಲು ಶುರುವಾಗುತ್ತದೆ. ಅದನ್ನು ಬದುಕಿಸಿ ಇಡಲು ಕಂಡುಕೊಂಡ ಉಪಾಯ ಇದು ಎನ್ನುತ್ತಾರೆ ಮಾಸ್ತರರು.

ನಿನ್ನ ಹಾಡಿನಲ್ಲಿ ಕೋಮಲ ಗಂಧಾರ. ಅದನ್ನೇ ನಡುವೆ ಇಟ್ಟು ಬಾರಿಸಿ ನೋಡಿದೆ. ಅವ್ವಾ, ಎದೆ ಕರಗಿ ಹೋಯಿತು. ಇದನ್ನು ನಿನ್ನ ರಾಣಿ ಪಾರ್ಟಿನ “ಮುಚ್ಚಿದ ಕದ” ಹಾಡಿಗೆ ಹಾಕಿದರೆ ಗುಲಬರ್ಗಾದವರೆಗೆ ನಮ್ಮ ಕಂಪನಿಯ ಹೆಸರು ಹೋಗುತ್ತದೆ. ನೀನು ಎಂದೂ ಜಾರುವುದಿಲ್ಲ. ಕೆಳಗೆ ನೆಲ ಹಾಸಿದ ಹಾಗೆ ನನ್ನ ಕೈ ಇರುತ್ತದೆ.

ನಿನ್ನ ಮಗ
ಶಿವರಾಯ


ಆಳಂದ
೨೮ ಸೆಪ್ಟೆಂಬರ್ ೧೯೪೭

ಚಿರಂಜೀವಿ ಶಿವರಾಯನಿಗೆ ಆಶೀರ್ವಾದ.

ಪತ್ರ ಓದಿ ನಕ್ಕೆ. ಬಹಳ ದಿನದ ಮೇಲೆ ನಗಿಸಿದ್ದಕ್ಕೆ ನಿನ್ನ ಮಾಸ್ತರನಿಗೆ ನನ್ನ ನಮಸ್ಕಾರ ಹೇಳು.

ಸಾಯುವ ಸ್ವರಕ್ಕೆ ಅವರು ಉಪಾಯ ಮಾಡಿಕೊಂಡರು, ಮಾಡಿಕೊಳ್ಳಲಿ. ನಮ್ಮ ಪೇಟಿಯ ಸ್ವರ ಸಾಯುವುದಿಲ್ಲವಲ್ಲೋ. ಕಾಲು ತುಳಿಯುತ್ತಿರುವ ತನಕ ಷಡ್ಜ ಜೀವಂತ ಇರುತ್ತದೆ. ಜ್ವರ ಇಲ್ಲದವನಿಗೆ ಯಾಕೆ ಕಷಾಯ ಕುಡಿಸುತ್ತೀ?

ಮತ್ತೆ, ನಾನು ಜಾರುತ್ತೇನೆಂದು ನಿನಗೆ ಯಾರು ಹೇಳಿದರು? ನಿನ್ನ ಅಪ್ಪ ಆ ಹಾಡಿಗೆ ಧಾಟಿ ಕೂಡಿಸಿದಾಗ ಮೂರನೆಯ ಸಾಲಿನ ಮುಂದೆ ಒಂದು ಬಯಲು ಬಿಟ್ಟರು. “ದೀಪ ಆರಿತು ಒಳಗ” ಅನ್ನುವ ಮೊದಲು ನಾನು ಉಸಿರು ತುಂಬಿಕೊಳ್ಳುವ ತನಕ ಅವರು ಷಡ್ಜದ ಮೇಲೆ ಬೆರಳಿಟ್ಟು ನನ್ನ ಬೆನ್ನು ನೋಡುತ್ತ ಕೂಡುತ್ತಿದ್ದರು. ಹಸನಸಾಬನೂ ತಬಲಾದ ಮೇಲಿಂದ ಕೈ ತೆಗೆದು ಕಾಯುತ್ತಿದ್ದ. ಜನ ಅದನ್ನು ರಾಣಿಯ ದುಃಖ ಎಂದು ತಿಳಿದು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಉಸಿರು ತೆಗೆದುಕೊಳ್ಳುತ್ತಿದ್ದೆ, ಅಷ್ಟೇ. ವಯಸ್ಸಾದಂತೆ ಆ ಬಯಲು ದೊಡ್ಡದಾಯಿತು. ಅದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿನ್ನ ಸಾ ಪ ಗ ಪ ಕಾಯುತ್ತದೇನು? ಅದಕ್ಕೆ ಉತ್ತರ ಬರೆ. ಎದೆ ಕರಗಿದ್ದು ಆಮೇಲೆ ನೋಡೋಣ.

ಕಸ್ತೂರಿಬಾಯಿ


ಸೊಲ್ಲಾಪುರ
೧೬ ಅಕ್ಟೋಬರ್ ೧೯೪೭

ಅವ್ವನಿಗೆ ನಮಸ್ಕಾರ.

ಸಿಟ್ಟಿನಲ್ಲಿದ್ದೀ, ಇರಲಿ. ಮಾಲಕರೇ ನನಗೆ ಕಾಗದ ಬರೆದಿದ್ದಾರೆ. ಅಫಜಲಪುರದ ಕ್ಯಾಂಪಿಗೆ “ವಿಲಾಯತಿ ಹಿಮ್ಮೇಳ” ಎಂದು ಹ್ಯಾಂಡಬಿಲ್ಲು ಹೊಡೆಸುತ್ತಾರಂತೆ. ದೀಪಾವಳಿಗೆ ನಾನು ಅಲ್ಲಿರುತ್ತೇನೆ.

ಒಂದೇ ಒಂದು ಮಾತು. ನೀನು ಮೊದಲಿನಿಂದ ಪೇಟಿಯ ನಾಲ್ಕನೆಯ ಕರಿ ಪಟ್ಟಿಗೆ, ಕರಿ ನಾಲ್ಕರಲ್ಲಿ ಹಾಡುತ್ತೀ. ನನ್ನ ಎಡಗೈ ಇನ್ನೂ ಹೊಸದು, ಬಿಳಿ ಪಟ್ಟಿಗಳ ಮೇಲೆ ಮಾತ್ರ ತಾನಾಗಿ ಓಡುತ್ತದೆ. ಕರಿ ನಾಲ್ಕನ್ನು ಷಡ್ಜ ಮಾಡಿದರೆ ಬೆರಳು ಕರಿ ಬಿಳಿಯ ನಡುವೆ ಎಡವುತ್ತದೆ. ಒಂದು ಪಟ್ಟಿ ಮೇಲೆ, ಬಿಳಿ ಆರಕ್ಕೆ ಬಂದರೆ ಸಾ, ಕೋಮಲ ಗ, ಪ ಮೂರೂ ಬಿಳಿ. ಕೆಳಗೆ ಬಿಳಿ ಐದಕ್ಕೆ ಇಳಿದರೆ ಗಂಧಾರ ಮತ್ತೆ ಕರಿಗೆ ಹೋಗುತ್ತದೆ, ಅದು ಆಗುವುದಿಲ್ಲ. ಅರ್ಧ ಸ್ವರದ ಮಾತು, ಅವ್ವಾ. ನೀನು ಮನಸ್ಸು ಮಾಡಿದರೆ ಅದು ನಿನಗೆ ಲೆಕ್ಕವಲ್ಲ.

ಕಾಯುವುದರ ಬಗ್ಗೆ ಕೇಳಿದ್ದೀ. ಅದು ಕಾಯುವುದಿಲ್ಲ, ನಿಜ. ಆದರೆ ಕಾಯುವ ಅಗತ್ಯವೇ ಬೀಳುವುದಿಲ್ಲ, ನೀನೇ ನೋಡು.

ಶಿವರಾಯ


ಅಫಜಲಪುರ
೨ ನವೆಂಬರ್ ೧೯೪೭

ಚಿರಂಜೀವಿ ಶಿವರಾಯನಿಗೆ ಆಶೀರ್ವಾದ.

ಹಾಡುವವಳ ಕೊರಳು ನೋಡಿ ಪೇಟಿಯವನು ಪಟ್ಟಿ ಹಿಡಿಯುತ್ತಾನೆ. ಪೇಟಿಯವನ ಬೆರಳು ನೋಡಿ ಹಾಡುವವಳು ಕೊರಳು ಬದಲು ಮಾಡಿದ್ದನ್ನು ನಾನು ಈ ವಯಸ್ಸಿಗೆ ಕೇಳುತ್ತಿದ್ದೇನೆ, ಅದೂ ಹೊಟ್ಟೆಯ ಮಗನ ಬಾಯಿಂದ.

ಇಲ್ಲ ಅನ್ನಬೇಕೆಂದೇ ಕಾಗದ ತೆಗೆದುಕೊಂಡು ಕೂತೆ. ಅಷ್ಟರಲ್ಲಿ ಹೊರಗೆ ತಾಲೀಮು ನಡೆದಿತ್ತು. ಬಾಳಮ್ಮ ನನ್ನ ಹಾಡು ಹಾಡಾಕತ್ತಿದ್ದಳು, ನಾನು ಅಲ್ಲೇ ಡೇರೆಯಲ್ಲಿ ಇದ್ದೇನೆಂದು ಗೊತ್ತಿದ್ದೂ. ಮಾಲಕರು “ಭಲೇ ಬೇ ಹುಡುಗಿ” ಅಂದರು. ನನಗೆ ಭಲೇ ಅಂದು ಎಷ್ಟು ಕಾಲವಾಯಿತು ಎಂದು ನೆನಪು ಮಾಡಿಕೊಂಡೆ, ನೆನಪಾಗಲಿಲ್ಲ.

ಆದ್ದರಿಂದ ಬಿಳಿ ಆರು. ಆಗಲಿ. ಈಗ ರೂಢಿ ಮಾಡುತ್ತಿದ್ದೇನೆ. ಮೇಲಿನ ಷಡ್ಜಕ್ಕೆ ಹೋದಾಗ ಕಿವಿಯ ಹಿಂದೆ ನರ ಎಳೆಯುತ್ತದೆ. ಹಸನಸಾಬ ಕೇಳಿ, “ಯಾಕ್ರಿ ಬಾಯಿ, ಇದ್ದ ಪಟ್ಟಿಗೆ ಏನಾಗಿತ್ತು?” ಅಂದ. ಮಗ ಬರ್ತಾನ ಅಂದೆ. ಅವನು ತಬಲಾ ಎಳೆದುಕೊಂಡು ಹೊಸ ಪಟ್ಟಿಗೆ ಬಿಗಿಯತೊಡಗಿದ.

ಮೂರನೆಯ ಸಾಲಿನ ಮುಂದೆ ಮಾತ್ರ ನನಗೆ ಉಸಿರು ಬಿಡು. ಬೇರೆ ಏನೂ ಬೇಡುವುದಿಲ್ಲ. ಬರುವಾಗ ಸೊಲ್ಲಾಪುರದ ಚಾದರ ತರಬೇಡ, ಇಲ್ಲಿ ಇದೆ.

ನಿನ್ನ ಅವ್ವ
ಕಸ್ತೂರಿಬಾಯಿ


ಅಫಜಲಪುರ
೩೦ ನವೆಂಬರ್ ೧೯೪೭

ಅವ್ವನಿಗೆ ನಮಸ್ಕಾರ.

ಹೇಳದೆ ಕೇಳದೆ ಟ್ರಂಕು ತೆಗೆದುಕೊಂಡು ಜೇವರ್ಗಿಗೆ, ಗುರುಬಾಯಿ ದೊಡ್ಡವ್ವನ ಮನೆಗೆ ಹೊರಟುಹೋದಿ. ಮುಂಜಾನೆ ಎದ್ದು ನಾನು ನಿನ್ನ ಡೇರೆಗೆ ಚಹಾ ತಗೊಂಡು ಹೋದರೆ ಬರೀ ಚಾಪೆ. ಕಂಪನಿಯವರ ಮುಂದೆ ನನ್ನ ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂದು ಯೋಚನೆ ಮಾಡಿದೆಯಾ?

ಆಟದ ರಾತ್ರಿ ನಿನ್ನ ಹಾಡಿಗೆ ಜನ ನಕ್ಕರು, ನಿಜ. ಹಿಂದೆ ಕೂತವನೊಬ್ಬ ಸೀಟಿ ಹೊಡೆದ, ಅದೂ ನಿಜ. ಆದರೆ ನಾನು ಎಲ್ಲಿ ತಪ್ಪಿದೆ ಹೇಳು. ನನ್ನ ಎಡಗೈ ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿತ್ತು. ಮೂರನೆಯ ಸಾಲಿಗೆ ನೀನು ತಡವಾಗಿ ಬಂದಿ. ನಿಲ್ಲಿಸಿದ್ದರೆ ಪೂರಾ ಹಾಡೇ ಬಿದ್ದುಹೋಗುತ್ತಿತ್ತು. ಇಷ್ಟು ವೇಗದಲ್ಲಿ ಹರಿಯುವುದನ್ನು ನಡುವೆ ಹೇಗೆ ನಿಲ್ಲಿಸುವುದೆಂದು ನನಗೆ ಯಾರೂ ಕಲಿಸಿಲ್ಲ. ನೀನು ಓಡಿ ಬಂದು ಹಿಡಿಯುತ್ತೀ ಅಂದುಕೊಂಡೆ. ನೀನು ಉಸಿರಿಲ್ಲದೆ ಮೇಲಿನ ಷಡ್ಜಕ್ಕೆ ಹಾರಿದಿ, ಅಲ್ಲಿ ಕೊರಳು ಒಡೆಯಿತು.

ಆಟ ಮುಗಿದ ಮೇಲೆ ಮಾಲಕರು ಎಲ್ಲರ ಎದುರಿಗೆ ಕೇಳಿದರು. “ಖರೇ ಹೇಳಲೇ ಶಿವರಾಯ, ತಪ್ಪು ಪೇಟಿದೋ, ಕೊರಳಿಂದೋ?” ನಾನು ಏನು ಹೇಳಬೇಕಾಗಿತ್ತು? “ಪೇಟಿ ಎಲ್ಲೂ ಒಡದಿಲ್ರಿ” ಅಂದೆ. ಅದು ಸುಳ್ಳಲ್ಲ. ನೀನು ಅಲ್ಲೇ ಮುಖದ ಬಣ್ಣ ಒರೆಸಿಕೊಳ್ಳುತ್ತ ಕೂತಿದ್ದಿ.

ಈಗ ರಾಣಿ ಪಾರ್ಟು ಬಾಳಮ್ಮ ಮಾಡುತ್ತಾಳೆ. ಸಾ ಪ ಗ ಪ ಜೊತೆಗೇ ಹಾಡು ಕಲಿತಳು, ಅದರ ಮೇಲೆ ಸಲೀಸಾಗಿ ಹೋಗುತ್ತಾಳೆ. ಜನ ಒನ್ಸ್ ಮೋರ್ ಅನ್ನುತ್ತಾರೆ. ನಿನಗೆ ಮುದುಕಿ ಪಾರ್ಟು ಇಟ್ಟಿದ್ದಾರೆ, ಯಾರೂ ನಿನ್ನನ್ನು ಹೋಗು ಅಂದಿಲ್ಲ. ಹಟ ಬಿಟ್ಟು ಬಾ.

ಶಿವರಾಯ


ಅಫಜಲಪುರ
೧೨ ಫೆಬ್ರುವರಿ ೧೯೪೮

ಅವ್ವನಿಗೆ ನಮಸ್ಕಾರ.

ಎರಡು ಕಾಗದ ಹಾಕಿದೆ, ಉತ್ತರ ಇಲ್ಲ. ಇದನ್ನಾದರೂ ಓದು.

ರಜಾಕಾರರ ಕಾಟಕ್ಕೆ ಸುತ್ತಲಿನ ಹಳ್ಳಿಯವರು ಗಂಟು ಮೂಟೆ ಕಟ್ಟಿಕೊಂಡು ಗಡಿ ದಾಟುತ್ತಿದ್ದಾರೆ. ದೀಪ ಹಚ್ಚಲು ಜನ ಹೆದರುವಾಗ ನಾಟಕ ನೋಡಲು ಯಾರು ಬರುತ್ತಾರೆ? ಮಾಲಕರು ಕಂಪನಿಯನ್ನು ಅಕ್ಕಲಕೋಟೆಯ ಹಾದಿಯಿಂದ ಸೊಲ್ಲಾಪುರಕ್ಕೆ ಒಯ್ಯುತ್ತಾರೆ. ಬಂಡಿಗಳು ಸಿಗುತ್ತಿಲ್ಲ. ಪರದೆ, ಪೇಟಿ, ಪಾರ್ಟು ಇದ್ದವರು, ಇಷ್ಟೇ ಅಂದರು. ಹಸನಸಾಬನೂ ಇಲ್ಲಿಯೇ ಉಳಿಯುತ್ತಾನೆ, ಸೊಲ್ಲಾಪುರದಲ್ಲಿ ತಬಲಾದವರು ಬೇಕಾದಷ್ಟು ಸಿಗುತ್ತಾರಂತೆ.

ನಿನ್ನ ಮಾತು ತೆಗೆದೆ. “ಕಸ್ತೂರಿಬಾಯಿಗೆ ಈಗ ಪಾರ್ಟು ಎಲ್ಲೈತಿ?” ಅಂದರು. ಅದರ ಮೇಲೆ ನಾನೇನು ಅನ್ನಲಿ? ನಾನು ಕರೆದಾಗ ನೀನು ಬಂದಿದ್ದರೆ ಈ ಮಾತು ಬರುತ್ತಿರಲಿಲ್ಲ.

ದೊಡ್ಡವ್ವನ ಮನೆ ಊರ ನಡುವೆ ಇದೆ, ಹೆದರಬೇಡ. ಎಲ್ಲಾ ಶಾಂತವಾದ ಮೇಲೆ ಕರೆಸಿಕೊಳ್ಳುತ್ತೇನೆ.

ಶಿವರಾಯ


ಜೇವರ್ಗಿ
೫ ಮಾರ್ಚ್ ೧೯೪೮

ಶಿವರಾಯನಿಗೆ.

ಬದುಕಿದ್ದೇನೆ. ಬಂಡಿಯಲ್ಲಿ ಪೇಟಿಗೆ ಗೋಣಿತಟ್ಟು ಸುತ್ತಿದ್ದಿರೋ ಇಲ್ಲವೋ, ದಾರಿಯ ಧೂಳು ಒಳಗೆ ಹೋದರೆ ಸ್ವರ ಹಿಡಿಯುತ್ತದೆ. ಅದು ನಿನ್ನ ಅಪ್ಪನ ಪೇಟಿ, ಅದಕ್ಕೆ ಬರೆದೆ.

ಹೆದರಬೇಡ ಎಂದು ಬರೆದಿದ್ದೀ. ಓದಿದೆ. ಗಡಿ ದಾಟಲು ಬಂಡಿ ಕಟ್ಟುತ್ತಿರುವವನಿಗೆ ಬರೆಯಲು ಬಹಳ ಹಗುರವಾದ ಮಾತು ಅದು.

ಕಸ್ತೂರಿಬಾಯಿ


ಸೊಲ್ಲಾಪುರ
೧೦ ಅಕ್ಟೋಬರ್ ೧೯೪೮

ಅವ್ವನ ಪಾದಕ್ಕೆ ನಮಸ್ಕಾರ.

ಫೌಜು ಬಂದು ನಿಜಾಮರ ಆಳಿಕೆ ಮುಗಿಯಿತು, ಹಾದಿ ತೆರೆಯಿತು. ಈ ಕಾಗದ ತಂದವರ ಕೈಯಲ್ಲೇ ಉತ್ತರ ಕೊಡು.

ನಿನಗೆ ಒಳ್ಳೆಯ ಸುದ್ದಿ ಇದೆ. ಇಲ್ಲಿಗೆ ಓಡಿ ಬಂದ ಆಳಂದ, ಅಫಜಲಪುರದ ಜನ ನಾಟಕಕ್ಕೆ ಬರುತ್ತಾರೆ. ಅವರು ಬಾಳಮ್ಮನ “ಮುಚ್ಚಿದ ಕದ” ಕೇಳಿ ಸುಮ್ಮನೆ ಎದ್ದು ಹೋಗುತ್ತಾರೆ. ಮೊದಲು ಚಪ್ಪಾಳೆ ಹೊಡೆದವರೇ, ಮನೆ ಬಿಟ್ಟು ಓಡಿ ಬಂದ ಮೇಲೆ ಆ ಓಟ ಅವರಿಗೆ ಹಿಡಿಸುತ್ತಿಲ್ಲ. ಒಬ್ಬ ಮುದುಕ ಮಾಲಕರನ್ನು ಹಿಡಿದು, “ರಾಣಿ ಅಳೋದು ಬಿಟ್ಟು ಎಲ್ಲಿಗಿ ಓಡಾಕತ್ಯಾಳ್ರಿ?” ಅಂದ. ನಾನು ಎಡಗೈಯ ಓಟ ನಿಲ್ಲಿಸಿ ಬರೀ ಷಡ್ಜ ಹಿಡಿದು ನೋಡಿದೆ. ಬಾಳಮ್ಮ ನಡುವೆ ನಿಂತುಬಿಟ್ಟಳು. ಸಾ ಪ ಗ ಪ ಇಲ್ಲದೆ ಅವಳಿಗೆ ಎಲ್ಲಿ ಕಾಲಿಡಬೇಕು ಎಂದೇ ತಿಳಿಯುವುದಿಲ್ಲ. ನಾನೇ ಅವಳನ್ನು ಹಾಗೆ ಕಲಿಸಿದೆ.

ಮಾಲಕರು ಒಂದು ಉಪಾಯ ಹುಡುಕಿದ್ದಾರೆ. ನೀನು ಪರದೆಯ ಹಿಂದೆ, ನನ್ನ ಪೇಟಿಯ ಹತ್ತಿರವೇ ಕೂತು ಹಾಡಬೇಕು. ಮುಂದೆ ಬಾಳಮ್ಮ ನಿಂತು ಬಾಯಿ ಆಡಿಸುತ್ತಾಳೆ. ಸಿನೇಮಾದಲ್ಲಿ ಈಗ ಹಾಗೇ ಮಾಡುತ್ತಾರೆ. ಬಣ್ಣ ಹಚ್ಚುವುದಿಲ್ಲ, ನಿಲ್ಲುವುದಿಲ್ಲ, ಜನರ ಮುಂದೆ ಹೋಗುವ ಅಂಜಿಕೆ ಇಲ್ಲ. ಕರಿ ನಾಲ್ಕರಲ್ಲೇ ಹಾಡು. ಎಷ್ಟು ಬೇಕಾದರೂ ಕಾಯುತ್ತೇನೆ. ಈಗ ನನಗೆ ಕಾಯುವುದು ಬರುತ್ತದೆ.

ಬಾ ಅವ್ವಾ. ಯಾರಿಗೂ ಗೊತ್ತಾಗುವುದಿಲ್ಲ.

ನಿನ್ನ ಮಗ
ಶಿವರಾಯ


ಜೇವರ್ಗಿ
೨೪ ಅಕ್ಟೋಬರ್ ೧೯೪೮

ಶಿವರಾಯನಿಗೆ.

ನಿನ್ನ ಒಳ್ಳೆಯ ಸುದ್ದಿ ಮುಟ್ಟಿತು. ಉತ್ತರಕ್ಕೆ ನಿಂತವರನ್ನು ಬರಿಗೈಯಲ್ಲಿ ಕಳಿಸಿದೆ, ಬರೆಯಲು ಕೈ ಬರಲಿಲ್ಲ. ಇಷ್ಟು ದಿನ ಬೇಕಾಯಿತು.

ನಿಮಗೆ ಹಾದಿ ತೆರೆಯಿತು, ಹಸನಸಾಬನಿಗೆ ಮುಚ್ಚಿತು. ರಜಾಕಾರರು ಯಾರೋ ಮಾಡಿದ್ದಕ್ಕೆ ಅಫಜಲಪುರದಲ್ಲಿ ಅವನ ಮನೆಗೆ ಬೆಂಕಿ ಬಿತ್ತು. ತಬಲಾ ಅದರಲ್ಲೇ ಹೋಯಿತು. ಜನ್ಮವೆಲ್ಲ ನಮ್ಮ ರಾಣಿ ರಾಜರಿಗೆ ತಾಳ ಹಾಕಿದ ಮನುಷ್ಯ ಈಗ ಗುರುಬಾಯಿಯ ಪಡಸಾಲೆಯಲ್ಲಿ ಮಲಗುತ್ತಾನೆ. ನಾವಿಬ್ಬರೂ ಕಂಪನಿಗೆ ಬೇಡವಾದ ಸಾಮಾನು. ಸಂಜೆ ನಾನು ಹಾಡುತ್ತೇನೆ, ಅವನು ತೊಡೆಯ ಮೇಲೆ ತಾಳ ಹಾಕುತ್ತಾನೆ. ಗುರುಬಾಯಿ ಸಂಡಿಗೆ ಒಣಗಿಸುತ್ತ ಕೇಳುತ್ತಾಳೆ. ಪಟ್ಟಿ ಯಾವುದೆಂದು ನೋಡಲು ಇಲ್ಲಿ ಪೇಟಿ ಇಲ್ಲ. ಕೊರಳು ಎಲ್ಲಿ ಕೂಡುತ್ತದೋ ಅಲ್ಲಿಂದ ಎತ್ತಿಕೊಳ್ಳುತ್ತೇನೆ. ಕರಿ ನಾಲ್ಕಕ್ಕಿಂತ ಕೆಳಗೇ ಇರಬೇಕು. ಇರಲಿ.

ಪರದೆಯ ಹಿಂದೆ ಕೂಡುವುದಿಲ್ಲ. ನನ್ನ ಕೊರಳಿಗೆ ನನ್ನ ಮುಖ ಇದೆ, ಹಳೆಯದಾದರೂ ಇದೆ. ಯಾರಿಗೂ ಗೊತ್ತಾಗುವುದಿಲ್ಲ ಎಂದು ನೀನು ಸಮಾಧಾನಕ್ಕೆ ಬರೆದೆ. ನನ್ನನ್ನು ಹೊಡೆದ ಮಾತು ಅದೇ.

ಹಾಡು ಮಾತ್ರ ಸಾಯಬಾರದು. ಅದು ನಿನ್ನ ಅಪ್ಪ ಕೂಡಿಸಿದ್ದು. ನಿಮ್ಮ ತಪ್ಪಿಗೆ ಆ ಹುಡುಗಿ ಯಾಕೆ ಜನರ ಮುಂದೆ ನಿಂತು ಒದ್ದಾಡಬೇಕು? ನನ್ನ ಕೊರಳನ್ನು ಅವಳ ಬಾಯಿಗೆ ಹಾಕುವ ಬದಲು ನನ್ನ ಹಾಡನ್ನು ಅವಳ ಕೊರಳಿಗೆ ಹಾಕುತ್ತೇನೆ. ದೀಪಾವಳಿ ಆದ ಮೇಲೆ ಬಾಳಮ್ಮನನ್ನು ಇಲ್ಲಿಗೆ ಕಳಿಸು. ಅವಳ ತಾಯಿ ಜೊತೆಗೆ ಬರಲಿ. ಪೇಟಿ ಬೇಡ. ನೀನೂ ಬರಬೇಡ. ನೀನು ಬಂದರೆ ನಾನು ಅಡುಗೆ ಮಾಡಿ ಬಡಿಸುತ್ತೇನೆ, ನಿನಗೆ ಎಲ್ಲಾ ಸರಿಹೋಯಿತು ಅನಿಸುತ್ತದೆ. ಹಾಗೆ ಅನಿಸುವುದು ನನಗೆ ಬೇಕಾಗಿಲ್ಲ.

ಇನ್ನೊಂದು ಮಾತು. ಒಂದು ವರ್ಷ ನನಗೆ ಕಾಗದ ಬರೆದೆ, ಆ ರಾತ್ರಿ ನಾನು ಯಾಕೆ ಕೈ ಎತ್ತಲಿಲ್ಲ ಎಂದು ಕೇಳಲಿಲ್ಲ. ಪೇಟಿ ಕೈಕೊಟ್ಟರೆ ಹಾಡುವವಳು ಬಲಗೈ ಎತ್ತಬಹುದು, ಇದು ಕಂಪನಿಯಲ್ಲಿ ತೊಟ್ಟಿಲಲ್ಲಿದ್ದಾಗಿನಿಂದ ನೀನು ನೋಡಿದ ರಿವಾಜು. ಕೈ ಎತ್ತಿದ ಕೂಡಲೇ ಪೇಟಿ ನಿಲ್ಲಬೇಕು. ಅವಳು ಬರೀ ಕೊರಳಿಂದ ಹಾಡಿ ಮುಗಿಸುತ್ತಾಳೆ. ತಪ್ಪು ಯಾರದೆಂದು ಕೂತ ಜನರಿಗೆಲ್ಲ ತಿಳಿಯುತ್ತದೆ, ಆ ಪೇಟಿ ಮಾಸ್ತರನನ್ನು ಮತ್ತೆ ಯಾವ ಕಂಪನಿಯೂ ಬಾಗಿಲಿಗೆ ಸೇರಿಸುವುದಿಲ್ಲ. ನಿನ್ನ ಅಪ್ಪನಿಗೆ ಆ ಕುರ್ಚಿ ಸಿಕ್ಕಿದ್ದೇ ಹಿಂದಿನ ಮಾಸ್ತರನ ಮೇಲೆ ನಾನು ಕೈ ಎತ್ತಿದ್ದರಿಂದ. ಅಫಜಲಪುರದಲ್ಲಿ ನಿನ್ನ ಸಾ ಪ ಗ ಪ ನನ್ನ ಉಸಿರನ್ನು ತುಳಿದುಕೊಂಡು ಹೋಗುವಾಗ ನನ್ನ ಕೈ ಸೊಂಟದ ತನಕ ಬಂದಿತ್ತು. ಹಸನಸಾಬ ನೋಡಿದ್ದಾನೆ, ಬೇಕಾದರೆ ಕೇಳು. ನೀನು ಅಪ್ಪನ ಕುರ್ಚಿಯಲ್ಲಿ ಹೊಸ ಅಂಗಿ ಹಾಕಿಕೊಂಡು ಕೂತಿದ್ದಿ. ಕೈ ಇಳಿಸಿ ಮೇಲಿನ ಷಡ್ಜಕ್ಕೆ ಹಾರಿದೆ. ಕೊರಳು ಒಡೆಯುತ್ತದೆ ಎಂದು ಗೊತ್ತಿದ್ದೇ ಹಾರಿದೆ.

ಬಾಳಮ್ಮನಿಗೆ ಹಾಡಿನ ಜೊತೆ ಕೈ ಎತ್ತುವುದನ್ನೂ ಕಲಿಸಿ ಕಳಿಸುತ್ತೇನೆ. ಅವಳು ಎತ್ತುತ್ತಾಳೆ. ನೀನು ಅವಳಿಗೆ ಏನೂ ಆಗಬೇಕಾಗಿಲ್ಲ.

ಕಸ್ತೂರಿಬಾಯಿ